ರೇಸಿನ ಗದ್ದಲದಲ್ಲಿ ಬೀಗರು ಹೇಳಿದ್ದು

ಪರದೆ ಬಟ್ಟೆ ಅಂಗಡಿಯ ಯಜಮಾನರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಬೀದಿಯಲ್ಲಿ ಅದು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಗೊತ್ತಪ್ಪನವರು ಅಂತಲೇ. ಯಾರು ಏನು ಹೇಳಹೊರಟರೂ ಮಾತು ಇನ್ನೂ ಅರ್ಧ ಬಾಯಲ್ಲಿರುವಾಗಲೇ ಇವರು ಕೈ ಎತ್ತಿ "ಗೊತ್ತಪ್ಪಾ, ಗೊತ್ತು" ಎಂದುಬಿಡುತ್ತಿದ್ದರು. ಒಮ್ಮೆ ಹಲ್ಲಿನ ಡಾಕ್ಟರು ಯಾವ ಹಲ್ಲು ಕೆಟ್ಟಿದೆ ಎಂದು ಹೇಳುವಷ್ಟರಲ್ಲಿ ಗೊತ್ತು ಎಂದು ತಾವೇ ಬೆರಳಿಟ್ಟು ತೋರಿಸಿ, ಗಟ್ಟಿಮುಟ್ಟಾದ ಹಲ್ಲೊಂದನ್ನು ಕೀಳಿಸಿಕೊಂಡು ಬಂದಿದ್ದರು. ಹೆಂಡತಿ ತಲೆ ಚಚ್ಚಿಕೊಂಡರೆ, ಅದೂ ಮುಂದೆ ಕೆಡುವುದಿತ್ತು, ನನಗೆ ಮೊದಲೇ ಗೊತ್ತಿತ್ತು ಎಂದರು. ಅಂಥ ಆತ್ಮವಿಶ್ವಾಸ.

ಇವರ ಒಬ್ಬಳೇ ಮಗಳು ಈಜು ಕಲಿಸುವ ಕೆಲಸದಲ್ಲಿದ್ದಳು. ಅವಳು ಒಬ್ಬ ಪಶುವೈದ್ಯನನ್ನು ಮೆಚ್ಚಿದಳು, ಅವನೂ ಮೆಚ್ಚಿದ. ಇನ್ನು ದೊಡ್ಡವರು ಕೂತು ಮಾತಾಡುವುದೊಂದು ಬಾಕಿ ಇತ್ತು. ಅದಕ್ಕಾಗಿ ಗೊತ್ತಪ್ಪನವರು ಹೆಂಡತಿ, ಮಗಳ ಜೊತೆ ಹುಡುಗನ ಮನೆಗೆ ಹೋದರು.

ಹುಡುಗನ ತಂದೆ ಒಂದು ಪತ್ರಿಕೆಯ ಮುದ್ರಣಾಲಯದಲ್ಲಿ ಯಂತ್ರಗಳ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಅಗಲ ಮುಖ, ಗಟ್ಟಿ ದನಿ. ಎದುರಿಗೆ ಕೂತವರು ಮಾತಾಡಿದರೆ ಕಣ್ಣು ಮಿಟುಕಿಸದೆ ಅವರ ಬಾಯನ್ನೇ ನೋಡುತ್ತಿದ್ದರು. ಗೊತ್ತಪ್ಪನವರಿಗೆ ಇದು ಬಹಳ ಹಿಡಿಸಿತು. ಅವರ ಮಾತನ್ನು ಇಷ್ಟು ಗೌರವದಿಂದ ಯಾರೂ ಇದುವರೆಗೆ ಕೇಳಿರಲಿಲ್ಲ, ಮನೆಯಲ್ಲಂತೂ ಇಲ್ಲವೇ ಇಲ್ಲ.

ಆ ಮನೆಯ ಗೋಡೆಗಳ ಮೇಲೆ ದೇವರು ದಿಂಡರು, ಹಿರಿಯರು ಯಾರೂ ಇರಲಿಲ್ಲ. ಎಲ್ಲಿ ನೋಡಿದರೂ ರೇಸ್ ಕಾರುಗಳ ಚಿತ್ರ. ವರ್ಷಕ್ಕೊಮ್ಮೆ ನಡೆಯುವ ಮೋಟಾರ್ ರೇಸನ್ನು ತಾವು ತಪ್ಪಿಸಿದ್ದೇ ಇಲ್ಲ, ಮೂರು ದಿನವೂ ಅಲ್ಲೇ ಇರುತ್ತೇನೆ ಎಂದು ಭಾವಿ ಬೀಗರು ಹೇಳಿದರು. ನಿಮಗೂ ಇಷ್ಟವೇನು ಎಂದು ಕೇಳಿದರು.

ಗೊತ್ತಪ್ಪನವರು ಅಂದಿನವರೆಗೆ ಓಡಿಸಿದ್ದು ಒಂದು ಹಳೆ ಸ್ಕೂಟರ್ ಮಾತ್ರ. ಅದನ್ನೂ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡು ಹೋಗುವವರು. ಆದರೆ ಕೇಳಿದ ಮೇಲೆ ಬಿಡುವುದುಂಟೆ?

"ಇಷ್ಟ ಅಂತೀರಲ್ಲ ಬೀಗರೇ, ರೇಸು ಅಂದ್ರೆ ನನ್ನ ಪ್ರಾಣ. ಅದರ ಒಳಗು ಹೊರಗು ಎಲ್ಲ ನನಗೆ ಗೊತ್ತು."

ಹೆಂಡತಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೆ ಹತ್ತಿತು. ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು. ಬೀಗರ ಮುಖ ಮಾತ್ರ ಅರಳಿಹೋಯಿತು. ಮುಂದಿನ ವಾರವೇ ರೇಸು ಇದೆ, ನೀವು ನನ್ನ ಜೊತೆ ಬರಲೇಬೇಕು, ಮೈದಾನದ ಹತ್ತಿರವೇ ಲಾಡ್ಜಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಉಳಿದುಕೊಳ್ಳೋಣ, ಮದುವೆಯ ದಿನವನ್ನು ಅಲ್ಲಿಂದ ಬಂದ ಮೇಲೆ ಗೊತ್ತು ಮಾಡೋಣ ಎಂದರು.

ಮನೆಗೆ ಬಂದ ಮೇಲೆ ಏನಾಯಿತು ಎನ್ನುವುದನ್ನು ವಿವರಿಸುವ ಅಗತ್ಯವಿಲ್ಲ. ಹೊರಡುವ ದಿನ ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತ ಕೊನೆಯ ಬುದ್ಧಿಮಾತು ಹೇಳಿದಳು.

"ನೋಡಿ, ಮಗಳೇ ಮೆಚ್ಚಿರೋ ಹುಡುಗ. ಅಲ್ಲಿ ಹೋಗಿ ನಿಮ್ಮ ಜ್ಞಾನ ಹಂಚಬೇಡಿ. ಅವರು ಏನು ಹೇಳಿದ್ರೂ ತಲೆ ಆಡಿಸಿ, ಹೂಂ ಅನ್ನಿ, ಸುಮ್ಮನೆ ಬನ್ನಿ."

ಜೊತೆಗೆ ಕಿವಿಗೆ ತುರುಕಿಕೊಳ್ಳಲು ಒಂದು ಉಂಡೆ ಹತ್ತಿ ಕೊಟ್ಟಳು. ಪಕ್ಕದ ಮನೆಯಲ್ಲಿ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಇದ್ದರು, ಬೀದಿಗೆಲ್ಲ ಅವರು ಹೆಡ್ ಸಾಹೇಬರು. ಕೆಲಸ ಬಿಟ್ಟರೂ ಅವರ ಅನುಮಾನ ನಿವೃತ್ತಿ ಹೊಂದಿರಲಿಲ್ಲ. ಅವರು ತಮ್ಮ ದುರ್ಬೀನು ಕೊಡುತ್ತ, ಕಾರುಗಳನ್ನು ಬಿಟ್ಟು ಬೀಗರ ಮೇಲೆ ಕಣ್ಣಿಡಿ ಎಂದು ಸೂಚನೆ ಕೊಟ್ಟರು. ಗೊತ್ತಪ್ಪನವರು ಇಬ್ಬರಿಗೂ ಗೊತ್ತು ಗೊತ್ತು ಎಂದು ಬಸ್ಸು ಹತ್ತಿದರು.

ಮೊದಲ ದಿನ ಅಭ್ಯಾಸದ ದಿನ. ಕಾರುಗಳು ಸುಮ್ಮನೆ ಸುತ್ತು ಹೊಡೆದು ರಸ್ತೆಯ ರುಚಿ ನೋಡುತ್ತವೆ, ಅಷ್ಟೇ. ಇದು ಗೊತ್ತಪ್ಪನವರಿಗೆ ಗೊತ್ತಿರಲಿಲ್ಲ. ಅವರು ಇದೇ ರೇಸು ಅಂದುಕೊಂಡು, ಎಲ್ಲಕ್ಕಿಂತ ಮೊದಲು ರಸ್ತೆ ಬಿಟ್ಟು ಶೆಡ್ಡಿನೊಳಗೆ ಹೋಗಿ ನಿಂತ ಹಳದಿ ಕಾರೇ ಗೆದ್ದಿತೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಕಾರು ಇಂಜಿನ್ನು ಕೆಟ್ಟು ಒಳಗೆ ಹೋಗಿತ್ತು. ಸುತ್ತ ಕೂತವರು ಇವರನ್ನು ಆ ತಂಡದ ಶತ್ರುವೆಂದು ಭಾವಿಸಿ ಒಂದು ಮೆಟ್ಟಿಲು ದೂರ ಸರಿದರು. ಬೀಗರು ಮಾತ್ರ ಪಕ್ಕದಲ್ಲೇ ಇದ್ದರು, ಕಾದ ಕಾಂಕ್ರೀಟಿನ ಮೆಟ್ಟಿಲ ಮೇಲೆ ಟವಲು ಹಾಸಿಕೊಂಡು, ಜಗತ್ತಿನ ಸುಖವೆಲ್ಲ ಅಲ್ಲಿಯೇ ಇದ್ದಂತೆ.

ಅವರು ಕೂತಿದ್ದದ್ದು ದೊಡ್ಡ ತಿರುವಿನ ಎದುರಿಗೆ. ಅಲ್ಲಿ ಕಾರುಗಳು ವೇಗ ತಗ್ಗಿಸಿ ಮತ್ತೆ ಏರಿಸುವಾಗ ಬರುವ ಸದ್ದು ಸದ್ದಲ್ಲ, ಅದೊಂದು ಗೋಡೆ. ಎದೆಗೂಡಿನ ಒಳಗೆ ಯಾರೋ ತಗಡು ಬಡಿದಂತೆ. ಸುಟ್ಟ ಟೈರಿನ ವಾಸನೆ ಬೇರೆ. ಗೊತ್ತಪ್ಪನವರು ಹೆಂಡತಿ ಕೊಟ್ಟ ಹತ್ತಿಯನ್ನೆಲ್ಲ ಎರಡೂ ಕಿವಿಗೆ ಪಾಲು ಮಾಡಿ ಜಡಿದುಕೊಂಡರು.

ಮಧ್ಯಾಹ್ನ, ಆ ಗದ್ದಲ ತುತ್ತತುದಿಯಲ್ಲಿದ್ದಾಗ, ಬೀಗರು ಇದ್ದಕ್ಕಿದ್ದಂತೆ ಇವರ ಕಡೆ ತಿರುಗಿ ಏನೋ ಹೇಳತೊಡಗಿದರು. ಬಾಯಿ ಆಡುತ್ತಿತ್ತು, ಒಂದಕ್ಷರ ಕೇಳಿಸಲಿಲ್ಲ. ಸಣ್ಣ ವಿಷಯವಿರಬಹುದೆಂದು ಗೊತ್ತಪ್ಪನವರು ನಗುತ್ತ ತಲೆ ಆಡಿಸಿದರು. ಆದರೆ ಮಾತು ಮುಗಿಯಲಿಲ್ಲ. ಬೀಗರ ಹಣೆ ಗಂಟಿಕ್ಕಿತು, ಕಣ್ಣಲ್ಲಿ ನೀರು ಬಂತು. ಇವರ ನಗು ತಾನಾಗಿಯೇ ಮುಖದಿಂದ ಇಳಿಯಿತು.

ಈಗ ಏನಂದಿರಿ ಎಂದು ಕೇಳಬಹುದಿತ್ತು. ಯಾರಾದರೂ ಕೇಳುತ್ತಿದ್ದರು. ಆದರೆ ಹುಟ್ಟಿದಂದಿನಿಂದ ಆ ಪ್ರಶ್ನೆ ಕೇಳದವರ ಬಾಯಿಗೆ ಅದು ಅಷ್ಟು ಸುಲಭವಾಗಿ ಬರುವುದಿಲ್ಲ. ಮೇಲಾಗಿ ಹೂಂ ಅನ್ನಿ ಎಂದು ಹೆಂಡತಿಯ ಅಪ್ಪಣೆ ಬೇರೆ ಇತ್ತು. ಗೊತ್ತಪ್ಪನವರು ಬಹಳ ಗಂಭೀರವಾಗಿ ತಲೆ ಆಡಿಸಿದರು. ಬೀಗರ ಹೆಗಲ ಮೇಲೆ ಕೈ ಇಟ್ಟರು.

"ಗೊತ್ತು ಬೀಗರೇ. ನೀವೇನೂ ಚಿಂತೆ ಮಾಡಬೇಡಿ, ನಾನಿದ್ದೀನಿ."

ಬೀಗರು ಅವರ ತುಟಿಯನ್ನೇ ನೋಡಿ, ಎಲ್ಲರ ಎದುರಿಗೇ ಬಾಚಿ ತಬ್ಬಿಕೊಂಡರು. ಹಿಂದಿನ ಸಾಲಿನವರಿಗೆ ಇದು ಹಳದಿ ಕಾರಿನ ದುಃಖವೋ ಏನೋ ಎನ್ನಿಸಿತು.

ಆ ಸಂಜೆ ಲಾಡ್ಜಿನ ಕೋಣೆಯಲ್ಲಿ ಗೊತ್ತಪ್ಪನವರು ಉಪಾಯದಿಂದ ವಿಷಯ ಹೊರತೆಗೆಯಲು ಕೂತರು. ಬೀಗರು ಗೋಡೆಯ ಕಡೆ ತಿರುಗಿ ಅಂಗಿಗಳನ್ನು ಮಡಿಸುತ್ತಿದ್ದರು. ಮಧ್ಯಾಹ್ನ ನೀವು ಹೇಳಿದ್ದನ್ನೇ ಯೋಚಿಸುತ್ತಿದ್ದೆ ಎಂದು ಇವರು ಶುರುಮಾಡಿದರೆ, ಹೌದು, ಸೊಳ್ಳೆ ಸ್ವಲ್ಪ ಜಾಸ್ತಿ ಎಂದರು ಅವರು. ಇದೆಲ್ಲ ಎಷ್ಟು ವರ್ಷದಿಂದ ಎಂದು ಕೇಳಿದರೆ, ನನಗೊಂದೇ ದಿಂಬು ಸಾಕು, ಇನ್ನೊಂದು ನೀವೇ ಇಟ್ಟುಕೊಳ್ಳಿ ಎಂದರು. ಮನೆಯವರಿಗೆ ತಿಳಿಸಿದ್ದೀರಾ ಎಂದರೆ ಹಾಡು ಗುನುಗತೊಡಗಿದರು. ಎಂಥ ಪಾಕಡಾ ಮನುಷ್ಯ, ಮಾತನ್ನು ಹೇಗೆ ಜಾರಿಸುತ್ತಾನೆ ಎಂದು ಗೊತ್ತಪ್ಪನವರು ಬೆರಗಾದರು. ಹೊರಗೆ ಮೊಗಸಾಲೆಗೆ ಬಂದು ಹೆಂಡತಿಗೆ ಫೋನು ಹಚ್ಚಿದರು.

ರೇಸು ಮುಗಿಯಿತು, ಹಳದಿ ಕಾರು ಗೆದ್ದಿತು ಎಂದು ಮೊದಲು ವರದಿ ಒಪ್ಪಿಸಿದರು. ಆಮೇಲೆ ಮೆಲ್ಲಗೆ, ಬೀಗರು ಏನೋ ಹೇಳಿದರು, ನಾನು ಒಪ್ಪಿಕೊಂಡೆ ಎಂದರು. ಏನಂತೆ ಎಂದಳು ಹೆಂಡತಿ. ಅದೊಂದು ಕೇಳಿಸಲಿಲ್ಲ ಎಂದರು.

ಹೆಂಡತಿ ಶಾಂತವಾಗಿ ಪ್ರಶ್ನೆ ಹಾಕಿದಳು. ಅತ್ತರಾ? ಅತ್ತರು. ತಬ್ಬಿಕೊಂಡರಾ? ತಬ್ಬಿಕೊಂಡರು. ಹಾಗಿದ್ದರೆ ಹುಡುಗನಿಗೆ ಮೊದಲೇ ಮದುವೆಯಾಗಿದೆ ಎಂದು ಅವಳು ತೀರ್ಪು ಕೊಟ್ಟಳು. ಮಗಳಿಗೆ ಈಗಲೇ ಹೇಳುವುದಿಲ್ಲ, ನಾಳೆಯೊಳಗೆ ನೀವು ಬಾಯಿ ಬಿಡಿಸಿ, ಇಲ್ಲದಿದ್ದರೆ ಅಲ್ಲೇ ಆ ಕಾರಿನ ಚಕ್ರಕ್ಕೆ ಬಿದ್ದುಬಿಡಿ ಎಂದಳು.

ಎರಡನೆಯ ದಿನ, ಯಾವ ಕಾರು ಮುಂದೆ ನಿಂತು ಹೊರಡಬೇಕು ಎಂದು ತೀರ್ಮಾನಿಸುವ ಓಟ. ಒಂದೊಂದೇ ಕಾರು ತನ್ನ ಶಕ್ತಿಮೀರಿ ಸುತ್ತುಹೊಡೆದು ಹೋಗುತ್ತಿತ್ತು. ನಡುವೆ ಸ್ವಲ್ಪ ಬಿಡುವು ಸಿಕ್ಕಿದಾಗ ಗೊತ್ತಪ್ಪನವರು ಹತ್ತಿ ತೆಗೆದು, ಬೀಗರ ಎದುರಿಗೇ ಬಂದು ಕೂತು, ನಿನ್ನೆಯ ವಿಷಯ ಎಂದರು ಅಷ್ಟೇ. ಬೀಗರೇ ಅವರ ಕೈ ಹಿಡಿದುಕೊಂಡರು.

"ನಿನ್ನೆ ನೀವು ಮಾತು ಕೊಟ್ಟ ಮೇಲೆ ನನ್ನ ಎದೆ ಎಷ್ಟು ಹಗುರಾಯ್ತು ಗೊತ್ತಾ? ಮದುವೆ ದಿನ ಮಾತ್ರ ನೀವು ನನ್ನ ಪಕ್ಕ ಬಿಟ್ಟು ಅಲ್ಲಾಡಬಾರದು. ಯಾರಾದ್ರೂ ಬಂದು ಏನಾದ್ರೂ ಕೇಳಿದ್ರೆ ನೀವೇ ಉತ್ತರ ಹೇಳಿಬಿಡಬೇಕು. ನನ್ನ ಹೆಂಡ್ತಿಗೂ ತಿಳಿಸಿಲ್ಲ, ಮಗನಿಗೂ ತಿಳಿಸಿಲ್ಲ. ಈ ಪ್ರಪಂಚದಲ್ಲಿ ಇದು ಗೊತ್ತಿರೋದು ನಿಮಗೊಬ್ಬರಿಗೇ."

ಗೊತ್ತು ಎನ್ನುವ ಪದ ತಮ್ಮ ಪ್ರೀತಿಯ ಪದವಾಗಿದ್ದರೂ ಗೊತ್ತಪ್ಪನವರಿಗೆ ಅದು ಜೀವನದಲ್ಲಿ ಮೊದಲ ಬಾರಿಗೆ ಚುಚ್ಚಿತು. ಅಷ್ಟರಲ್ಲಿ ಇನ್ನೊಂದು ಕಾರು ತಿರುವಿಗೆ ಬಂತು. ಬೀಗರು ಮುಂದೆ ಹೇಳಿದ್ದೆಲ್ಲ ಟೈರಿನ ಹೊಗೆಯಲ್ಲಿ ಸೇರಿಹೋಯಿತು.

ಈ ಸುದ್ದಿ ಫೋನಿನಲ್ಲಿ ಮನೆ ಮುಟ್ಟಿದಾಗ ಹೆಂಡತಿ ಹಿಂದಿನ ತೀರ್ಪನ್ನು ರದ್ದು ಮಾಡಿದಳು. ಮಗನಿಗೇ ಗೊತ್ತಿಲ್ಲ ಎಂದ ಮೇಲೆ ಮದುವೆ ಮಗನದ್ದಲ್ಲ. ಹಾಗಾದರೆ ಬೀಗರಿಗೇ ಇನ್ನೊಂದು ಸಂಸಾರವಿದೆ. ಅವಳು ತಡಮಾಡದೆ ಬೀಗಿತ್ತಿಗೆ ಫೋನು ಮಾಡಿ, ಊಟ ಆಯಿತೇ, ಆರೋಗ್ಯವೇ ಎಂದೆಲ್ಲ ಕೇಳಿ, ನಡುವೆ ಏನೂ ಅಲ್ಲವೆಂಬಂತೆ, ನಿಮ್ಮ ಯಜಮಾನರದು ಮನೆಯಲ್ಲಿ ಮಾತುಕತೆ ಹೇಗೆ ಎಂದು ವಿಚಾರಿಸಿದಳು. ಬೀಗಿತ್ತಿ ನಿಟ್ಟುಸಿರು ಬಿಟ್ಟು, ಏನು ಹೇಳಲಿ, ಎಷ್ಟೋ ವರ್ಷಗಳಿಂದ ನಾನು ಕರೆದರೂ ತಿರುಗಿ ನೋಡುವುದಿಲ್ಲ, ಅವರ ಮನಸ್ಸು ಎಲ್ಲಿದೆಯೋ ಎಂದರು. ಇನ್ನೇನು ಸಾಕ್ಷಿ ಬೇಕು?

ಆದರೆ ಅವಳು ಸಲಹೆಗೆಂದು ಕರೆಸಿದ ಹೆಡ್ ಸಾಹೇಬರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರು ಗೊತ್ತಪ್ಪನವರ ನಡುಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದಾಡಿ ಪ್ರಕರಣವನ್ನು ಬಿಡಿಸಿಟ್ಟರು. ಯಾರಾದರೂ ಬಂದು ಕೇಳಿದರೆ ಎಂದರೆ, ಕೇಳುವವರು ಯಾರು? ಪೊಲೀಸರು. ಪೊಲೀಸರು ಯಾಕೆ ಬರುತ್ತಾರೆ? ಮನುಷ್ಯ ದುಡಿದದ್ದು ಎಲ್ಲಿ? ಮುದ್ರಣಾಲಯದಲ್ಲಿ. ರಾತ್ರಿ ಪತ್ರಿಕೆ ಅಚ್ಚಾಗುತ್ತಿತ್ತು, ಸರಿ, ಹಗಲು ಯಂತ್ರಗಳು ಬಿಡುವಾಗಿದ್ದಾಗ ಏನು ಅಚ್ಚಾಗುತ್ತಿತ್ತು? ಇಷ್ಟು ಹೇಳಿ ಅವರು ಮೀಸೆಯ ಮೇಲೆ ಬೆರಳಾಡಿಸಿ, ತಗ್ಗಿದ ದನಿಯಲ್ಲಿ ಖೋಟಾ ನೋಟು ಎಂದರು. ಗೊತ್ತಪ್ಪನವರ ಹೆಂಡತಿ ಗೋಡೆ ಹಿಡಿದುಕೊಂಡಳು. ಇನ್ನೊಂದು ಸಂಸಾರವೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಮೂರನೆಯ ದಿನ ನಿಜವಾದ ರೇಸು. ಬೆಳಗ್ಗೆ ಹೆಂಡತಿ ಮಗಳಿಗೆ, ನಾವೂ ರೇಸು ನೋಡೋಣ, ಹೆಡ್ ಸಾಹೇಬರಿಗೂ ಆಸೆಯಂತೆ ಎಂದಳು. ಮಗಳು ಸಂತೋಷದಿಂದ ತನ್ನ ಕಾರು ತೆಗೆದಳು. ದಾರಿಯಲ್ಲಿ ಮಾತೆಲ್ಲ ಹೊರಬಿತ್ತು. ಅವಳು ಕಾರು ನಿಲ್ಲಿಸಿ, ಅಪ್ಪನಿಗೆ ಕೇಳಿಸದೇ ಇದ್ದ ಒಂದು ಮಾತಿನ ಮೇಲೆ ನೀವು ಇಷ್ಟೆಲ್ಲ ಕಟ್ಟಿದ್ದೀರಾ ಎಂದು ಕೇಳಿದಳು. ಇಬ್ಬರೂ ಹೌದೆಂದರು. ಅವಳು ಹಲ್ಲು ಕಚ್ಚಿಕೊಂಡು, ಆ ದಿನದ ರೇಸುಗಾರರಿಗಿಂತ ಜೋರಾಗಿ ಓಡಿಸಿದಳು. ಅತ್ತ, ಆ ಫೋನಿನಿಂದ ಗಾಬರಿಯಾದ ಬೀಗಿತ್ತಿ ಕೂಡ ಮಗನನ್ನು ಹೊರಡಿಸಿಕೊಂಡು ಮೈದಾನದ ದಾರಿ ಹಿಡಿದಿದ್ದರು.

ಹಾಗಾಗಿ ಕಾರುಗಳೆಲ್ಲ ಸಾಲಾಗಿ ನಿಂತು, ಹೊರಡುವ ಸೂಚನೆಯಾಗಿ ದೀಪ ಆರಿ, ಒಟ್ಟಿಗೆ ಕಿರುಚುತ್ತ ಹೊರಟ ಗಳಿಗೆಯಲ್ಲೇ ಗೊತ್ತಪ್ಪನವರ ಎಡಗಡೆಯಿಂದ ಹೆಂಡತಿ, ಮಗಳು, ಹೆಡ್ ಸಾಹೇಬರು ಮೆಟ್ಟಿಲು ಇಳಿದು ಬಂದರು. ಬಲಗಡೆಯಿಂದ ಬೀಗಿತ್ತಿಯೂ ಹುಡುಗನೂ ಬಂದರು. ನಡುವೆ ಬೀಗರು ಕಡಲೆಬೀಜ ತಿನ್ನುತ್ತ ಕೂತಿದ್ದರು. ಎಲ್ಲರನ್ನೂ ನೋಡಿ ಅವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಟವಲು ಅಗಲಿಸಿ ಜಾಗ ಮಾಡಿದರು. ಕಡಲೆಬೀಜದ ಪೊಟ್ಟಣ ಮುಂದೆ ಹಿಡಿದರು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆ ತಿರುವಿನಲ್ಲಿ, ಆ ಹೊತ್ತಿನಲ್ಲಿ, ಸಿಡಿಲು ಬಿದ್ದಿದ್ದರೂ ಕೇಳಿಸುತ್ತಿರಲಿಲ್ಲ. ಗೊತ್ತಪ್ಪನವರ ಹೆಂಡತಿ ಬೀಗಿತ್ತಿಯ ಕೈ ಹಿಡಿದು ಕಣ್ಣೀರಿಡುತ್ತ ಸಮಾಧಾನ ಹೇಳುತ್ತಿದ್ದಳು. ಬೀಗಿತ್ತಿ ಯಾರು ಸತ್ತರೆಂದು ಕೇಳುತ್ತಿದ್ದರು. ಮಗಳು ಹುಡುಗನ ಕಿವಿಗೆ ಬಾಯಿಟ್ಟು ನಡೆದದ್ದನ್ನು ಹೇಳಲು ನೋಡುತ್ತಿದ್ದಳು. ಆ ಗದ್ದಲದಲ್ಲಿ ಅವನಿಗೆ ಮುಟ್ಟಿದ್ದು ಅಪ್ಪ, ನೋಟು, ಪೊಲೀಸು ಎಂಬ ಮೂರೇ ಪದ. ಅವನು ಬಿಳಿಚಿಕೊಂಡ.

ಹೆಡ್ ಸಾಹೇಬರು ಮಾತ್ರ ಕ್ರಮ ಬಿಡಲಿಲ್ಲ. ಅಂಗಿಯ ಗುಂಡಿ ಸರಿಮಾಡಿಕೊಂಡು ಬೀಗರ ಮುಂದೆ ನಿಂತು ವಿಚಾರಣೆ ಆರಂಭಿಸಿದರು. ಅವರ ದಟ್ಟ ಮೀಸೆ ತುಟಿಗಳನ್ನು ಪೂರ್ತಿ ಮುಚ್ಚಿತ್ತು. ಮುದ್ರಣಾಲಯದಲ್ಲಿ ಕಾನೂನಿಗೆ ವಿರುದ್ಧವಾದದ್ದನ್ನು ಅಚ್ಚು ಹಾಕಿದ್ದೀರಾ ಎಂದು ಕೂಗಿದರು. ಬೀಗರು ನಗುತ್ತ ತಲೆ ಆಡಿಸಿದರು. ಒಬ್ಬರೇ ಮಾಡಿದಿರಾ, ಜೊತೆಗೆ ಯಾರಾದರೂ ಇದ್ದರಾ? ಬೀಗರು ಗೊತ್ತಪ್ಪನವರ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿದರು. ಮಾಲು ಎಲ್ಲಿದೆ? ಬೀಗರು ಕಡಲೆಬೀಜದ ಪೊಟ್ಟಣ ಕೊಟ್ಟರು. ಇಷ್ಟು ನಿರಾಯಾಸವಾಗಿ ತಪ್ಪೊಪ್ಪಿಕೊಂಡ ಅಪರಾಧಿಯನ್ನು ಹೆಡ್ ಸಾಹೇಬರು ತಮ್ಮ ಇಡೀ ಸೇವೆಯಲ್ಲಿ ಕಂಡಿರಲಿಲ್ಲ. ಅವರು ಬೀಗರ ಮಣಿಕಟ್ಟು ಹಿಡಿದರು.

ಮಗಳು ಅದನ್ನು ನೋಡಿದಳು. ಬಂದು ಹೆಡ್ ಸಾಹೇಬರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬೀಗರ ಮುಂದೆ ಅಡ್ಡ ನಿಂತಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ನೋಡಿದಳು, ಅಷ್ಟೇ. ನೀರಿನಲ್ಲಿ ಕೈಕಾಲು ಬಡಿಯದೆ ಮುಳುಗುತ್ತಿರುವ ಶಿಷ್ಯನನ್ನು ನೋಡುವ ನೋಟ ಅದು.

ಗೊತ್ತಪ್ಪನವರಿಗೆ ಎಲ್ಲ ಒಮ್ಮೆಲೇ ಕಂಡಿತು. ಮಗಳ ಮದುವೆ ತಮ್ಮ ಒಂದು ಹೂಂಕಾರದ ಮೇಲೆ ನಿಂತು ತೂಗುತ್ತಿದೆ. ಅವರು ಬೀಗರ ಎದುರಿಗೆ ಬಂದು, ಎರಡೂ ಭುಜ ಹಿಡಿದು, ಇದ್ದಬದ್ದ ಗಂಟಲನ್ನೆಲ್ಲ ಒಟ್ಟುಗೂಡಿಸಿ ಕೂಗತೊಡಗಿದರು. ಸರಿಯಾಗಿ ಆ ಕ್ಷಣದಲ್ಲೇ ಆ ಹಳದಿ ಕಾರು ತಿರುವಿನಲ್ಲಿ ಬುಗುರಿಯಂತೆ ಸುತ್ತಿ ಟೈರುಗಳ ಗೋಡೆಗೆ ಹೋಗಿ ಒರಗಿತು. ಓಡಿಸುತ್ತಿದ್ದವನು ತಾನೇ ಇಳಿದು ಕೈ ಬೀಸಿದ. ಆದರೂ ನಿಯಮದಂತೆ ಕೆಂಪು ಬಾವುಟ ಮೇಲೇರಿತು. ಎಲ್ಲ ಕಾರುಗಳೂ ನಿಂತವು, ಎಲ್ಲ ಇಂಜಿನ್ನುಗಳೂ ಆರಿದವು. ಹಾಗೆ ಇಡೀ ಮೈದಾನ ತಟ್ಟನೆ ಮೌನವಾದಾಗ ಅಲ್ಲಿದ್ದ ಸಾವಿರಾರು ಜನರಿಗೂ ಕೇಳಿಸಿದ್ದು ಒಬ್ಬರ ದನಿ ಮಾತ್ರ.

"ಬೀಗರೇ, ನನಗೆ ಕೇಳಿಸ್ಲಿಲ್ಲ. ಒಂದಕ್ಷರಾನೂ ಕೇಳಿಸ್ಲಿಲ್ಲ. ಕೇಳಿಸಿದೋನ ಹಾಗೆ ತಲೆ ಆಡಿಸಿದೆ ಅಷ್ಟೇ."

ಬೀಗರು ಅವರ ತುಟಿಯನ್ನೇ ನೋಡಿದರು. ಅವರ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಅಪಾರವಾದ ಕರುಣೆ ಮೂಡಿತು.

"ನಿಮಗೂನಾ?" ಎಂದರು ಅವರು, ತಮ್ಮ ಎಂದಿನ ಗಟ್ಟಿ ದನಿಯಲ್ಲಿ. "ಅಯ್ಯೋ, ಮೊದಲೇ ಹೇಳಬಾರದಿತ್ತಾ? ನಿಮ್ಮ ಕಿವಿ ಹೋಗಿ ಎಷ್ಟು ವರ್ಷ ಆಯ್ತು?"

ಆಗ ಎಲ್ಲ ಹೊರಬಂತು. ಬೀಗರು ಮೊದಲ ದಿನ ಆ ಗದ್ದಲದಲ್ಲಿ ಹೇಳಿದ್ದು ಇಷ್ಟೇ. ಜೀವಮಾನವೆಲ್ಲ ಆ ಯಂತ್ರಗಳ ನಡುವೆ ನಿಂತು ಕಿವಿ ಮಂದವಾಗುತ್ತ ಬಂದು, ಈಗ ಹೆಚ್ಚುಕಡಿಮೆ ಏನೂ ಕೇಳಿಸುವುದಿಲ್ಲ. ಮುಖ ನೋಡಿ, ತುಟಿ ನೋಡಿ, ಊಹೆ ಮಾಡಿ ದಿನ ತಳ್ಳುತ್ತಿದ್ದಾರೆ. ಮೇಲ್ವಿಚಾರಕನಾಗಿ ಮೆರೆದವನು ಕಿವುಡನೆನ್ನಿಸಿಕೊಳ್ಳಲು ನಾಚಿಕೆ. ಮನೆಯಲ್ಲೂ ಹೇಳಲಿಲ್ಲ. ವರ್ಷಕ್ಕೊಮ್ಮೆ ಈ ರೇಸಿಗೆ ಬರುವುದು ಕಾರುಗಳ ಮೇಲಿನ ಆಸೆಗಿಂತ ಹೆಚ್ಚಾಗಿ, ಇಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ ಎಂಬ ಕಾರಣಕ್ಕೆ. ಇಲ್ಲಿ ಮೂರು ದಿನ ಎಲ್ಲರೂ ಅವರ ಹಾಗೆಯೇ. ಮಗನ ಮದುವೆಯ ದಿನ ಬಂದವರು ಏನಾದರೂ ಕೇಳಿ, ತಾವು ಇನ್ನೇನೋ ಹೇಳಿ, ಮಗನಿಗೆ ಅವಮಾನವಾದರೆ ಎನ್ನುವ ಭಯ ಅವರನ್ನು ತಿನ್ನುತ್ತಿತ್ತು. ಅದಕ್ಕೇ ಪಕ್ಕದಲ್ಲಿ ನಿಲ್ಲಲು ಒಬ್ಬ ನಂಬಿಕೆಯ ಮನುಷ್ಯ ಬೇಕಾಗಿದ್ದ.

ಹುಡುಗ ಅಪ್ಪನ ಪಕ್ಕದಲ್ಲಿ ಕೂತುಬಿಟ್ಟ. ದಿನಾ ಮಾತು ಬಾರದ ಪ್ರಾಣಿಗಳ ನೋವನ್ನು ಕಂಡುಹಿಡಿಯುವ ತನಗೆ ಮನೆಯಲ್ಲಿದ್ದ ಅಪ್ಪನದ್ದು ಕಾಣಲಿಲ್ಲವಲ್ಲ ಎಂದು ಅವನಿಗೆ ಸಂಕಟ. ಬೀಗಿತ್ತಿ ನಿಂತೇ ಇದ್ದರು. ಅವರು ಗಂಡನ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು, ನಿಧಾನವಾಗಿ, ತುಟಿಗಳನ್ನು ಬಿಡಿಸಿ ಕೇಳಿದರು.

"ಹಾಗಾದ್ರೆ ನಾನು ಕರೆದಾಗ ನೀವು ತಿರುಗದೇ ಇದ್ದದ್ದು, ನನ್ನ ಮೇಲೆ ಬೇಜಾರಿಗಲ್ವಾ?"

"ಯಾವಾಗ ಕರೆದೆ?" ಎಂದರು ಬೀಗರು.

ಬೀಗಿತ್ತಿ ಮೊದಲು ಅತ್ತರು, ಆಮೇಲೆ ನಕ್ಕರು. ಎಷ್ಟೋ ವರ್ಷಗಳ ಮುನಿಸು ಆ ಕಾಂಕ್ರೀಟಿನ ಮೆಟ್ಟಿಲ ಮೇಲೆ ಕರಗಿಹೋಯಿತು. ಚಹಾಕ್ಕೆ ಸಕ್ಕರೆ ತರಲು ಹೇಳಿದರೆ ತರಲಿಲ್ಲ, ತವರಿನವರು ಬಂದಾಗ ಮಾತಾಡಿಸಲಿಲ್ಲ, ಬಾಗಿಲು ಬಡಿದರೂ ತೆಗೆಯಲಿಲ್ಲ, ಎಲ್ಲ ಅಪರಾಧಗಳೂ ಒಂದೇ ಏಟಿಗೆ ಮನ್ನಾ. ಪಾಪ, ಕೇಳಿಸುತ್ತಿರಲಿಲ್ಲ ಎಂದು ಅವರು ಗಂಡನ ಬೆನ್ನು ಸವರಿದರು. ಹೆಡ್ ಸಾಹೇಬರು ಗೊತ್ತಪ್ಪನವರ ಕೊರಳಿನಿಂದ ದುರ್ಬೀನು ತೆಗೆದುಕೊಂಡು, ಬಹಳ ಆಸಕ್ತಿಯಿಂದ ಖಾಲಿ ರಸ್ತೆಯನ್ನು ಪರಿಶೀಲಿಸತೊಡಗಿದರು.

ಇದನ್ನೆಲ್ಲ ನೋಡುತ್ತಿದ್ದ ಗೊತ್ತಪ್ಪನವರ ತಲೆಯಲ್ಲಿ ಒಂದು ದೀಪ ಹೊತ್ತಿತು. ಅವರ ಹೆಂಡತಿಯೂ ಕಣ್ಣು ಒರೆಸಿಕೊಳ್ಳುತ್ತ, ಅನುಮಾನದಿಂದಲೂ ಮರುಕದಿಂದಲೂ ಇವರ ಕಡೆ ನೋಡಿ, ನಿಮಗೂ ಕೇಳಿಸುವುದಿಲ್ಲವೇ, ಹೌದೇ ಎಂದು ಮೆತ್ತಗೆ ಕೇಳಿದಳು. ಇಷ್ಟು ಮೆತ್ತಗೆ ಅವಳು ಮಾತಾಡಿ ಎಷ್ಟು ಕಾಲವಾಗಿತ್ತೋ. ಗೊತ್ತಪ್ಪನವರು ಕಿವಿಯ ಹಿಂದೆ ಅಂಗೈ ಇಟ್ಟು, ಮುಂದಕ್ಕೆ ಬಾಗಿ, ನೋವಿನಿಂದ ನಕ್ಕರು.

ಮದುವೆಯ ದಿನ ಅಲ್ಲೇ ಗೊತ್ತಾಯಿತು. ರೇಸು ಮತ್ತೆ ಶುರುವಾಗಿ, ಯಾರೋ ಗೆದ್ದರು. ಯಾರೆಂದು ಆ ಎರಡು ಕುಟುಂಬದಲ್ಲಿ ಒಬ್ಬರೂ ನೋಡಲಿಲ್ಲ.

ಮುಂದಿನ ಕೆಲವು ದಿನಗಳು ಗೊತ್ತಪ್ಪನವರ ಜೀವನದ ಚಿನ್ನದ ದಿನಗಳು. ಹೆಂಡತಿ ಬೈಯುವುದನ್ನು ನಿಲ್ಲಿಸಿದಳು. ಹಳೆಯದನ್ನೆಲ್ಲ ನೆನೆಸಿಕೊಂಡು, ಪಾಪ, ನಾನು ಹೇಳಿದ್ದು ಕೇಳಿಸಿರಲಿಲ್ಲ, ಇವರದೇನು ತಪ್ಪು ಎಂದು ನೆರೆಯವರ ಹತ್ತಿರ ಕಣ್ಣೀರು ಹಾಕಿದಳು. ತರಕಾರಿ ತರಲು ಹೇಳಿದರೆ ಇವರು ಕಿಟಕಿಯ ಕಡೆ ನೋಡುತ್ತಿದ್ದರು, ಅವಳೇ ಹೋಗಿ ತರುತ್ತಿದ್ದಳು. ಮಗಳಿಗೆ ಅನುಮಾನವಿತ್ತು. ಆದರೆ ಅವಳು ಮದುವೆಯ ಸಡಗರದಲ್ಲಿದ್ದಳು.

ಬೀಗರು ಮಾತ್ರ ಒಳ್ಳೆಯ ಮನುಷ್ಯರು. ತಾವು ಕಿವಿಯ ಡಾಕ್ಟರ ಹತ್ತಿರ ಯಂತ್ರ ಹಾಕಿಸಿಕೊಳ್ಳಲು ಹೊರಟಾಗ, ಸಮಾನದುಃಖಿಯನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸು ಒಪ್ಪಲಿಲ್ಲ. ಬೇಡವೆಂದರೂ ಕೇಳದೆ ಎಳೆದುಕೊಂಡು ಹೋದರು. ಬೇಡವೆಂದದ್ದು ಅವರಿಗೆ ಕೇಳಿಸಿತೋ ಇಲ್ಲವೋ, ಅದನ್ನು ಹೇಳುವುದು ಕಷ್ಟ. ಇಬ್ಬರ ಹೆಂಡಿರೂ ಜೊತೆಗೆ ಬಂದರು.

ಬೀಗರಿಗೆ ಯಂತ್ರ ಕೂಡಿಸಿದರು. ಹೆಂಡತಿ ಹಿಂದಿನಿಂದ ಕರೆದಾಗ ಅವರು ತಿರುಗಿ ನೋಡಿದರು, ಬೀಗಿತ್ತಿ ಸುಮ್ಮನೆ ಇನ್ನೂ ಎರಡು ಸಲ ಕರೆದು ನೋಡಿದರು. ಆಮೇಲೆ ಗೊತ್ತಪ್ಪನವರ ಸರದಿ. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಏನೋ ಸಿಕ್ಕಿಸಿ, ಸದ್ದು ಕೇಳಿದರೆ ಕೈ ಎತ್ತಿ ಎಂದರು ಡಾಕ್ಟರು. ಗೊತ್ತಪ್ಪನವರು ಮೊದಲೇ ನಿಶ್ಚಯಿಸಿಕೊಂಡು ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟು, ಏನೇ ಕೇಳಿಸಿದರೂ ಕಲ್ಲಿನಂತೆ ಕೂತರು. ಡಾಕ್ಟರು ಆ ಯಂತ್ರವನ್ನು ಬಿಟ್ಟು ಇನ್ನೊಂದು ತಂದರು. ಇದರಲ್ಲಿ ಕೈ ಎತ್ತುವ ಕೆಲಸವಿಲ್ಲ, ಕಿವಿಯೇ ಉತ್ತರ ಹೇಳುತ್ತದೆ ಎಂದರು.

ಕಿವಿ ಹೇಳಿತು. ಡಾಕ್ಟರು ಹೊರಗೆ ಬಂದು ಬಹಳ ಸಂತೋಷದಿಂದ ಸುದ್ದಿ ಕೊಟ್ಟರು. ಈ ವಯಸ್ಸಿನಲ್ಲಿ ಇಂಥ ಕಿವಿಯನ್ನು ತಾವು ನೋಡಿಯೇ ಇಲ್ಲ, ಪಕ್ಕದ ಕೋಣೆಯಲ್ಲಿ ಪಿಸುಗುಟ್ಟಿದರೂ ಇವರಿಗೆ ಕೇಳಿಸಬೇಕು, ಹುಟ್ಟಿದಂದಿನಿಂದ ಹೀಗೇ ಇರಬೇಕು ಎಂದರು. ಬೀಗರು ಹೊಸ ಕಿವಿಯಲ್ಲಿ ಅದನ್ನು ಸ್ಪಷ್ಟವಾಗಿ ಕೇಳಿ, ಗೆಳೆಯನ ಅದೃಷ್ಟಕ್ಕೆ ಚಪ್ಪಾಳೆ ತಟ್ಟಿದರು.

ಗೊತ್ತಪ್ಪನವರ ಹೆಂಡತಿ ಚಪ್ಪಾಳೆ ತಟ್ಟಲಿಲ್ಲ. ಅವಳು ಕುರ್ಚಿಯಿಂದ ನಿಧಾನವಾಗಿ ಎದ್ದು, ಸೆರಗು ಸರಿಮಾಡಿಕೊಂಡು, ಗಂಡನ ಎದುರಿಗೆ ಬಂದು ನಿಂತಳು.

"ಅಂದ್ರೆ ಇಷ್ಟು ವರ್ಷ ನಾನು ಹೇಳಿದ್ದೆಲ್ಲ ನಿಮಗೆ ಕೇಳಿಸ್ತಾ ಇತ್ತು."

ಗೊತ್ತಪ್ಪನವರು ಬೀಗರ ಕಡೆ ನೋಡಿದರು, ಬೀಗರು ನೆಲ ನೋಡಿದರು. ಬಾಗಿಲ ಕಡೆ ನೋಡಿದರು, ಅಲ್ಲಿ ಬೀಗಿತ್ತಿ ನಿಂತಿದ್ದರು. ಕೊನೆಗೆ ಅವರು ಗಾಜಿನ ಗೂಡಿನೊಳಗೆ ತಾವೇ ಹೋಗಿ ಕೂತು, ಬಾಗಿಲು ಎಳೆದುಕೊಂಡು, ಡಾಕ್ಟರಿಗೆ ಕೈಸನ್ನೆ ಮಾಡಿದರು, ಇನ್ನೊಂದು ಸಲ ನೋಡಿ ಎಂದು.